ಹಲ್ಲಿನ ಸೆಟ್: ಅಗಿಯುವ ಭಾರ ಎಲ್ಲಿ ಇಳಿಯಬೇಕು?

ಹಲ್ಲು ಕಟ್ಟಿಸಲು ಬಂದವರ ಬಾಯಲ್ಲಿ ನಾನು ಮೊದಲು ನೋಡುವುದು ಹಲ್ಲಿಲ್ಲದ ಜಾಗವನ್ನು. ತೋರುಬೆರಳಿಂದ ವಸಡನ್ನು ಒತ್ತಿ, ಆಚೀಚೆ ಸರಿಸಿ ನೋಡುತ್ತೇನೆ. ಒಳಗಿನ ಎಲುಬಿನ ದಿಂಡು ದುಂಡಗೆ, ಎತ್ತರವಾಗಿ, ಗಟ್ಟಿಯಾಗಿ ಕೈಗೆ ಸಿಕ್ಕರೆ ಅರ್ಧ ಕೆಲಸ ಆದಂತೆ. ದಿಂಡು ಚಾಕುವಿನ ಅಲಗಿನಂತೆ ಚೂಪಾಗಿದ್ದರೆ, ಅಥವಾ ವಸಡು ಎಲುಬು ಬಿಟ್ಟು ಜೋಲಾಡುತ್ತಿದ್ದರೆ, ಎಷ್ಟು ದುಬಾರಿ ಸೆಟ್ ಮಾಡಿದರೂ ತಕರಾರು ತಪ್ಪದು. ಬಂದವರು ಕೇಳುವ ಪ್ರಶ್ನೆ ಮಾತ್ರ ಬೇರೆ: "ಯಾವ್ದು ಛಲೋ ಐತ್ರಿ ಡಾಕ್ಟ್ರ, ಮೆತ್ತಂದೋ ಸ್ಟೀಲಿಂದೋ?"

ಯಾವ ಸಾಮಾನಿನದು ಎಂಬುದು ಆಮೇಲಿನ ಮಾತು. ರೊಟ್ಟಿ ಅಗಿಯುವಾಗಿನ ಭಾರ ಎಲ್ಲಿ ಇಳಿಯಬೇಕು, ವಸಡಿನ ಮೇಲೋ, ಉಳಿದ ಹಲ್ಲುಗಳ ಮೇಲೋ, ಬೇರಿನ ಬದಲಿಗೆ ಎಲುಬಿಗೆ ಕೂಡಿಸಿದ ಲೋಹದ ತಿರುಪು, ಅಂದರೆ ಇಂಪ್ಲಾಂಟ್ ಮೇಲೋ, ಅದನ್ನು ಮೊದಲು ನಿಶ್ಚಯಿಸಬೇಕು. ಒಂದು ದವಡೆಯ ಎಲ್ಲ ಹಲ್ಲುಗಳ ಬೇರನ್ನು ಹಿಡಿದಿರುವ ನಾರಿನ ಪದರವನ್ನು ಬಿಡಿಸಿ ಹಾಸಿದರೆ ಸುಮಾರು 45 ಚದರ ಸೆಂಟಿಮೀಟರ್ ಆಗುತ್ತದೆ. ಎಲ್ಲ ಹಲ್ಲು ಹೋದ ಮೇಲೆ ಸೆಟ್ ಕೂರಲು ಸಿಗುವ ಜಾಗ ಮೇಲೆ 23, ಕೆಳಗೆ ಬರೀ 12 ಚದರ ಸೆಂಟಿಮೀಟರಿನ ಆಸುಪಾಸು. ಅದೂ ಅಗಿಯುವುದಕ್ಕೆಂದು ಹುಟ್ಟಿದ ಜಾಗವಲ್ಲ. ಹಾಗಾಗಿ ಪೂರ್ತಿ ಸೆಟ್ ಹಾಕಿಕೊಂಡವರ ಕಡಿತದ ಬಲ ಸ್ವಂತ ಹಲ್ಲಿನವರ ಕಾಲುಭಾಗದಷ್ಟೇ ಇರುತ್ತದೆ. ಇದನ್ನು ಅಳತೆ ತೆಗೆಯುವ ಮೊದಲೇ ಹೇಳಿಬಿಡಬೇಕು. ಮೊದಲೇ ಹೇಳಿದರೆ ಅದು ತಿಳಿವಳಿಕೆ, ಸೆಟ್ ಕೊಟ್ಟ ಮೇಲೆ ಹೇಳಿದರೆ ನೆಪ.

ಪೂರ್ತಿ ಸೆಟ್ಟಿನಲ್ಲಿ ಮೇಲಿನದು ಸಾಮಾನ್ಯವಾಗಿ ಕಾಡುವುದಿಲ್ಲ. ಅಂಗುಳವನ್ನೆಲ್ಲ ಮುಚ್ಚುತ್ತದೆ, ಅಂಚು ಸರಿಯಿದ್ದರೆ ಎಂಜಲಿನ ತೆಳು ಪದರವೇ ಅದನ್ನು ಎಳೆದು ಹಿಡಿಯುತ್ತದೆ. ಗೋಳೆಲ್ಲ ಕೆಳಗಿನದರದು. ಕುದುರೆ ಲಾಳದಂಥ ಆಕಾರ, ನಡುವೆ ಸದಾ ಅಲುಗುವ ನಾಲಿಗೆ, ಸುತ್ತ ಕೆನ್ನೆ ತುಟಿಗಳ ಎಳೆತ. ಸಾಲದೆಂಬಂತೆ ಕೆಳದವಡೆಯ ಎಲುಬು ಮೇಲ್ದವಡೆಯದಕ್ಕಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೇಗ ಸವೆಯುತ್ತದೆ. ಹಲ್ಲು ಕಿತ್ತ ಮೊದಲ ವರ್ಷದಲ್ಲಿ ಈ ಸವೆತ ಎಲ್ಲಕ್ಕಿಂತ ಹೆಚ್ಚು. ಆದ್ದರಿಂದ ಕಿತ್ತ ಮೇಲೆ ಎರಡು ಮೂರು ತಿಂಗಳು ಬಿಟ್ಟು ಅಳತೆ ತೆಗೆಯುತ್ತೇನೆ. ಮನೆಯಲ್ಲಿ ಮದುವೆ ಕಾರ್ಯ ಇದೆ, ಬೋಳು ಬಾಯಲ್ಲಿ ಇರಲಾಗದು ಎನ್ನುವವರಿಗೆ ಕಿತ್ತ ದಿನವೇ ಹಾಕುವ ಸೆಟ್ ಮಾಡಬಹುದು. ಆದರೆ ಕೆಲವೇ ತಿಂಗಳಲ್ಲಿ ಅದು ಸಡಿಲಾಗುತ್ತದೆ, ಒಳಮೈಗೆ ಹೊಸ ಪದರ ಕೊಡಿಸಬೇಕಾಗುತ್ತದೆ. ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಪೂರ್ತಿ ಸೆಟ್ಟಿಗೆ ಐದು ಸಲ ಬರಬೇಕು. ಮೊದಲ ಸಲ ಸಾದಾ ಅಳತೆ. ಎರಡನೆಯ ಸಲ, ಆ ಅಳತೆಯ ಮೇಲೆ ಅವರ ಬಾಯಿಗೆಂದೇ ಮಾಡಿದ ಅಳತೆ ಟ್ರೇ ಹಿಡಿದು, ಅದರ ಅಂಚಿಗೆ ಬಿಸಿಗೆ ಮೆತ್ತಗಾಗುವ ಹಸಿರು ಕಡ್ಡಿ (ಗ್ರೀನ್ ಸ್ಟಿಕ್) ಕರಗಿಸಿ ಹಚ್ಚಿ, ಕೆನ್ನೆ ತುಟಿ ನಾಲಿಗೆ ಆಡಿಸುತ್ತ ಅಂಚನ್ನು ಮೂಡಿಸಿ, ಮೇಲೆ ತೆಳ್ಳಗಿನ ಪೇಸ್ಟಿನಲ್ಲಿ ಕೊನೆಯ ಅಳತೆ. ಸೆಟ್ ಗಟ್ಟಿ ಕೂರುವುದೋ ಬಿಡುವುದೋ ತೀರ್ಮಾನವಾಗುವುದು ಇಲ್ಲಿ. ಎರಡೇ ಸಲಕ್ಕೆ ಮುಗಿಸಿಕೊಡುತ್ತೇವೆ ಎನ್ನುವ ಕಡೆ ಬಿಟ್ಟುಹೋಗುವುದು ಬಹುತೇಕ ಇದೇ ಹಂತ. ಮೂರನೆಯ ಸಲ ಮೇಣದ ಕಟ್ಟೆಗಳ ಮೇಲೆ ಕಡಿತದ ಎತ್ತರ ಗುರುತಿಸುವುದು. ಮೂಗಿನ ತುದಿಗೊಂದು, ಗದ್ದಕ್ಕೊಂದು ಚುಕ್ಕೆ ಇಟ್ಟು ಅಳೆದಾಗ, ಬಾಯಿ ಸಡಿಲ ಬಿಟ್ಟಾಗಿನ ದೂರಕ್ಕಿಂತ ಕಚ್ಚಿದಾಗಿನ ದೂರ 2ರಿಂದ 4 ಮಿ.ಮೀ. ಕಡಿಮೆ ಬರಬೇಕು. ಎತ್ತರ ಹೆಚ್ಚಾದರೆ ಮಾತಾಡುವಾಗ ಹಲ್ಲು ಟಕಟಕ ಬಡಿಯುತ್ತವೆ, ಸಂಜೆ ಹೊತ್ತಿಗೆ ದವಡೆ ಸೋಲುತ್ತದೆ, ವಸಡೆಲ್ಲ ನೋಯುತ್ತದೆ. ಕಡಿಮೆಯಾದರೆ ಮುಖ ಕುಗ್ಗಿ ಬಾಯಿಯ ಮೂಲೆ ಒಡೆಯುತ್ತದೆ.

ನಾಲ್ಕನೆಯ ಸಲ ಮೇಣದಲ್ಲಿ ಹಲ್ಲು ಜೋಡಿಸಿ ಹಾಕಿ ನೋಡುವುದು. ಇಂಗ್ಲಿಷ್ ಪುಸ್ತಕಗಳು ಫಿಫ್ಟಿಯಿಂದ, ಸಿಕ್ಸ್‌ಟಿಯಿಂದ ಎಣಿಸಿಸಿ ಉಚ್ಚಾರ ನೋಡಿ ಎನ್ನುತ್ತವೆ. ನವಲಗುಂದ ಕಡೆಯ ಅಜ್ಜನಿಗೆ ಅದು ಎಲ್ಲಿಯದು? "ಸವದತ್ತಿ ಸಂತಿ, ಸಾಸಿವಿ, ಸಜ್ಜಿ" ಅನ್ನಿಸುತ್ತೇನೆ. ಸಕಾರದಲ್ಲಿ ಮೇಲಿನ ಕೆಳಗಿನ ಹಲ್ಲು ತಾಗದೆ, ತೀರ ಹತ್ತಿರ ಬಂದು ನಿಲ್ಲಬೇಕು. ಮೇಣದಲ್ಲಿದ್ದಾಗ ಯಾವ ಬದಲಾವಣೆಯೂ ಸುಲಭ, ಹಾಗಾಗಿ ಈ ದಿನ ಮನೆಯವರನ್ನೂ ಕರೆತರಲು ಹೇಳುತ್ತೇನೆ. ಹಲ್ಲು ದೊಡ್ಡವಾದವು, ಬಣ್ಣ ಬಿಳಿಯಾಯಿತು ಎಂಬ ಮಾತು ಸೆಟ್ ಬೆಂದ ಮೇಲೆ ಬಂದರೆ ಪ್ರಯೋಜನವಿಲ್ಲ. ಐದನೆಯ ಸಲ ಸಿದ್ಧವಾದ ಸೆಟ್ ಕೂರಿಸಿ ಕೊಡುವುದು.

ಲ್ಯಾಬಿನ ಅವಸರವೂ ಸೆಟ್ ಕೆಡಿಸುತ್ತದೆ. ಸೆಟ್ ಮಾಡುವ ಪ್ಲಾಸ್ಟಿಕ್ಕಾದ ಅಕ್ರಿಲಿಕ್ಕಿನ ಪುಡಿ ಮೂರು ಪಾಲು, ದ್ರವ ಒಂದು ಪಾಲು. 74 ಡಿಗ್ರಿ ನೀರಿನಲ್ಲಿ ಎಂಟು ಗಂಟೆ, ಇಲ್ಲವೇ 74ರಲ್ಲಿ ಎರಡು ಗಂಟೆ ಇಟ್ಟು ಆಮೇಲೆ 100 ಡಿಗ್ರಿಯಲ್ಲಿ ಒಂದು ಗಂಟೆ ಬೇಯಿಸಬೇಕು. ಒಮ್ಮೆಲೇ ಕುದಿಸಿದರೆ ದ್ರವವೇ ಕುದ್ದು ದಪ್ಪ ಭಾಗದೊಳಗೆ ಸಣ್ಣ ತೂತುಗಳಾಗುತ್ತವೆ. ಅಚ್ಚಿನ ಬಿಸಿ ಡಬ್ಬಿಯನ್ನು ತಣ್ಣೀರಿಗೆ ಅದ್ದಿ ಬೇಗ ತೆರೆದರೆ ಸೆಟ್ ಸೊಟ್ಟಾಗುತ್ತದೆ. ಮೇಲಿನ ಸೆಟ್ಟಿನ ಹಿಂದಿನ ಅಂಚು ಅಂಗುಳ ಬಿಟ್ಟು ನಿಂತಿದ್ದರೆ ಇಂಥ ತಿರುಚನ್ನೂ ಅನುಮಾನಿಸಬೇಕು.

ಇನ್ನು, ನಮ್ಮ ಭಾಗದಲ್ಲಿ ಪದೇ ಪದೇ ಕೇಳುವ ಮಾತು: "ಕೆಳಗ ಮುಂದಿನ ಆರ ಹಲ್ಲ ಗಟ್ಟಿ ಅದಾವ್ರಿ, ಮ್ಯಾಲಿಂದಷ್ಟ ಕಟ್ಟಿಕೊಡ್ರಿ." ಖರ್ಚು ಉಳಿಯುತ್ತದೆ ನಿಜ. ಆದರೆ ಹಿಂದೆ ದವಡೆಹಲ್ಲು ಇಲ್ಲದ ಕಾರಣ ಅವರು ಮುಂದಿನ ಹಲ್ಲಿನಿಂದಲೇ ಅಗಿಯುತ್ತಾರೆ. ಆ ಆರು ಹಲ್ಲು ಮೇಲಿನ ಸೆಟ್ಟಿನ ಮುಂಭಾಗವನ್ನು ದಿನವೂ ಕುಟ್ಟುತ್ತವೆ. ಅಲ್ಲಿಯ ಎಲುಬು ಕರಗಿ ಬರೀ ಜೋಲು ವಸಡು ಉಳಿಯುತ್ತದೆ, ಸೆಟ್ಟಿನ ಹಿಂಭಾಗ ಕೆಳಗೆ ಬೀಳತೊಡಗುತ್ತದೆ. ಕೆಲವು ವರ್ಷ ಕಳೆದ ಮೇಲೆ ಬಂದರೆ ಆ ಜೋಲು ವಸಡಿನ ಮೇಲೆ ಅಳತೆ ತೆಗೆಯುವುದೇ ಒಂದು ಸಾಹಸ. ಹಾಗಾಗಿ ಮೇಲೆ ಪೂರ್ತಿ ಸೆಟ್ ಹಾಕುವವರಿಗೆ ಕೆಳಗೆ ಹಿಂದಿನ ಹಲ್ಲುಗಳ ತುಂಡು ಸೆಟ್ಟನ್ನೂ ಜೊತೆಗೇ ಮಾಡಿಸಿ ಎನ್ನುತ್ತೇನೆ. ದುಡ್ಡು ಒಂದಕ್ಕೇ ಇದ್ದರೆ ಎರಡನ್ನೂ ಸಾದಾ ಅಕ್ರಿಲಿಕ್ಕಿನಲ್ಲೇ ಮಾಡಿಸಲಿ, ಒಂದನ್ನೇ ಭಾರಿ ಮಾಡಿಸುವುದು ಬೇಡ.

ತುಂಡು ಸೆಟ್ಟಿನಲ್ಲಿ ಮೂರು ಬಗೆ. ಅಕ್ರಿಲಿಕ್ ಪ್ಲೇಟಿಗೆ ತಂತಿ ಕೊಂಡಿ ಹಾಕಿದ್ದು ಅಗ್ಗ, ರಿಪೇರಿ ಸುಲಭ, ಮುಂದೆ ಇನ್ನೊಂದು ಹಲ್ಲು ಹೋದರೆ ಅದಕ್ಕೇ ಸೇರಿಸಬಹುದು. ಉಳಿದ ಹಲ್ಲುಗಳೂ ಅಲ್ಲಾಡುತ್ತಿದ್ದರೆ ಇದೇ ಸರಿ. ದೋಷವೆಂದರೆ ಭಾರವೆಲ್ಲ ವಸಡಿನ ಮೇಲೆ. ಪ್ಲೇಟು ಇಳಿಯುತ್ತ ಇಳಿಯುತ್ತ ಪಕ್ಕದ ಹಲ್ಲಿನ ವಸಡನ್ನು ಕೆಳಗೆ ಸವರಿಕೊಂಡು ಹೋಗುತ್ತದೆ.

ಮೆತ್ತಂದು ಎಂದು ಕೇಳುವ ಫ್ಲೆಕ್ಸಿಬಲ್ ಸೆಟ್ ನೈಲಾನ್ ಜಾತಿಯದು. ತಂತಿ ಕಾಣುವುದಿಲ್ಲ, ಬಿದ್ದರೆ ಒಡೆಯುವುದಿಲ್ಲ, ತೆಳ್ಳಗಿರುತ್ತದೆ. ಮುಂದಿನ ಒಂದೆರಡು ಹಲ್ಲಿಗೆ, ಎರಡೂ ಪಕ್ಕ ಗಟ್ಟಿ ಹಲ್ಲಿದ್ದರೆ, ನಾನೂ ಕೊಡುತ್ತೇನೆ. ಹಿಂದೆ ಆಸರೆಯ ಹಲ್ಲೇ ಇಲ್ಲದ ಮೂರು ನಾಲ್ಕು ದವಡೆಹಲ್ಲುಗಳಿಗೆ ಕೊಡುವುದಿಲ್ಲ. ಬಾಗುವ ಗುಣ ಹಾಕಿ ತೆಗೆಯಲು ಅನುಕೂಲ, ಅಗಿಯುವಾಗ ಅದೇ ಶತ್ರು: ಪ್ಲೇಟು ಬಾಗಿದಲ್ಲೆಲ್ಲ ಭಾರ ಒಂದೇ ಕಡೆ ಒತ್ತಿ ಎಲುಬು ತಿನ್ನುತ್ತದೆ. ಅದರಲ್ಲಿ ಹಲ್ಲು ಅಂಟಿರುವುದಿಲ್ಲ, ಹಲ್ಲಿನಲ್ಲಿ ಕೊರೆದ ತೂತಿನೊಳಗೆ ನೈಲಾನ್ ಹೊಕ್ಕು ಹಿಡಿದಿರುತ್ತದೆ. ಒಂದು ಕಿತ್ತರೆ ಮತ್ತೆ ಕೂಡಿಸುವುದು ಕಷ್ಟ, ಒಳಮೈಗೆ ಹೊಸ ಪದರ ಕೊಡುವುದು ಇನ್ನೂ ಕಷ್ಟ. ಎಲೆ ಅಡಿಕೆ ಹಾಕುವವರ ಬಾಯಲ್ಲಿ ಬೇಗ ಕೆಂಪಗಾಗುತ್ತದೆ.

ಸ್ಟೀಲು ಎನ್ನುವುದು ನಿಜಕ್ಕೂ ಕೋಬಾಲ್ಟ್ ಕ್ರೋಮಿಯಂ ಎರಕ. ಉಳಿದ ಹಲ್ಲುಗಳು ಗಟ್ಟಿಯಿದ್ದರೆ ನನ್ನ ಮೊದಲ ಆಯ್ಕೆ ಇದೇ. ಕಾರಣ ಲೋಹವಲ್ಲ, ಆಸರೆ. ಹಲ್ಲಿನ ಮೇಲ್ಮೈಯಲ್ಲಿ 1ರಿಂದ 1.5 ಮಿ.ಮೀ. ಆಳದ ಬಟ್ಟಲಿನಂಥ ಗುಳಿ ಮಾಡಿ, ಅದರಲ್ಲಿ ಲೋಹದ ಮೂಗು ಕೂರಿಸುತ್ತೇವೆ. ಭಾರ ಹಲ್ಲಿನ ಮೂಲಕ ಎಲುಬಿಗೆ ಇಳಿಯುತ್ತದೆ, ವಸಡು ಉಳಿಯುತ್ತದೆ. ಅಕ್ರಿಲಿಕ್ ಪ್ಲೇಟು 2 ಮಿ.ಮೀ. ದಪ್ಪವಾದರೆ ಇದು ಅರ್ಧ ಮಿ.ಮೀ. ಸಾಕು, ಬಿಸಿ ತಣ್ಣಗೆಯೂ ಅಂಗುಳಕ್ಕೆ ಗೊತ್ತಾಗುತ್ತದೆ. ಕೆಳದವಡೆಯಲ್ಲಿ ನಾಲಿಗೆ ಕಡೆ ಹಾಯುವ ಪಟ್ಟಿಗೆ ವಸಡಿನ ಅಂಚಿನಿಂದ ಬಾಯಿಯ ತಳದವರೆಗೆ 7ರಿಂದ 8 ಮಿ.ಮೀ. ಜಾಗ ಬೇಕು. ಇಲ್ಲದಿದ್ದರೆ ಪಟ್ಟಿ ಬಿಟ್ಟು ಹಲ್ಲಿನ ಹಿಂಬದಿಗೆ ತಗಡಿನಂತೆ ಮಾಡಿಸಬೇಕು. ಗುಳಿ ಮಾಡದೆ ಬರೀ ಅಳತೆ ಕಳಿಸಿ ಎರಕ ಹೊಯ್ಸಿದರೆ, ಸ್ಟೀಲಿನ ದುಡ್ಡು ಕೊಟ್ಟು ಅಕ್ರಿಲಿಕ್ ಪ್ಲೇಟಿನ ಕೆಲಸ ಕೊಂಡಂತೆ. ಹಲ್ಲಿನ ಮೇಲೆ ಗುಳಿ ಮಾಡುತ್ತೀರಾ ಎಂದು ಅಳತೆಗೆ ಮುಂಚೆ ಕೇಳಿ.

ಪಕ್ಕದ ಹಲ್ಲುಗಳಿಗೆ ಕ್ಯಾಪ್ ಹಾಕಿ ನಡುವಿನ ಹಲ್ಲನ್ನು ಅದಕ್ಕೇ ಕೂಡಿಸುವ ಬ್ರಿಡ್ಜ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದೆರಡು ಹಲ್ಲು ಹೋಗಿ, ಪಕ್ಕದವು ಹೇಗೂ ಕ್ಯಾಪ್ ಬೇಡುತ್ತಿದ್ದರೆ ಒಳ್ಳೆಯದು. ಮುಟ್ಟದ ಹಲ್ಲನ್ನು ಸುತ್ತ ಒಂದೂವರೆ ಮಿ.ಮೀ. ಅರೆದು ಮಾಡುವುದಾದರೆ ಎರಡು ಸಲ ಯೋಚಿಸಬೇಕು. ಆದರೆ "ಒಮ್ಮೆ ಕೂಡಿಸಿದ್ರ ತೆಗಿಯೂದಿರಬಾರ್ದು" ಎಂಬ ಆಸೆಗೆ ಸಂತೆಯಲ್ಲಿ, ರಸ್ತೆ ಬದಿಯಲ್ಲಿ ಒಂದೇ ತಾಸಿನಲ್ಲಿ ಹಲ್ಲು ಕಟ್ಟುವವರಿದ್ದಾರೆ. ತಾನೇ ಗಟ್ಟಿಯಾಗುವ ಅಕ್ರಿಲಿಕ್ಕನ್ನು ಬಾಯಲ್ಲೇ ಮೆತ್ತಿ ಪಕ್ಕದ ಹಲ್ಲುಗಳಿಗೆ ತಂತಿ ಸುತ್ತುತ್ತಾರೆ. ಅದರಡಿ ಬ್ರಷ್ ಹೋಗದು. ಒಂದು ಹಲ್ಲಿನ ಸಲುವಾಗಿ ಕಟ್ಟಿದ್ದನ್ನು ಕೊರೆದು ಬಿಡಿಸಿದಾಗ ಆಚೀಚಿನ ಎರಡೂ ಹುಳುಕಾಗಿ ಕೈಗೆ ಬರುವುದುಂಟು. ದುಡ್ಡಿನ ತೊಂದರೆಯಿದ್ದರೆ ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನಂಥ ಕಡೆ ಹೋಗಿ. ಬಿಪಿಎಲ್ ಕುಟುಂಬದ ಹಿರಿಯರು ಸರ್ಕಾರದ ದಂತಭಾಗ್ಯ ಯೋಜನೆಯನ್ನು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಎಲ್ಲ ಹಲ್ಲು ಕೀಳಿಸಿಬಿಡಿ ಎನ್ನುವವರನ್ನು ನಾನು ಒಂದು ಕ್ಷಣ ತಡೆಯುತ್ತೇನೆ. ಕೆಳಗಿನ ಎರಡು ಕೋರೆಹಲ್ಲುಗಳ ಬೇರು ಗಟ್ಟಿಯಿದ್ದರೆ ರೂಟ್ ಕೆನಾಲ್ ಮಾಡಿ, ವಸಡಿನಿಂದ ಒಂದೆರಡು ಮಿ.ಮೀ. ಮೇಲೆ ಗುಮ್ಮಟದಂತೆ ಕತ್ತರಿಸಿ, ಅದರ ಮೇಲೆ ಸೆಟ್ ಕೂರಿಸಬಹುದು. ಬೇರು ಇರುವಷ್ಟು ದಿನ ಅಲ್ಲಿಯ ಎಲುಬು ಹೆಚ್ಚು ಇಳಿಯುವುದಿಲ್ಲ. ಬಡವರ ಇಂಪ್ಲಾಂಟ್ ಎಂದರೂ ಸರಿಯೇ. ಆ ಮೋಟುಗಳನ್ನು ದಿನಾ ಫ್ಲೋರೈಡ್ ಪೇಸ್ಟಿನಿಂದ ತಿಕ್ಕದಿದ್ದರೆ ಮಾತ್ರ ಬೇಗನೆ ಹುಳುಕು ಹತ್ತುತ್ತದೆ.

ಬೇರೂ ಇಲ್ಲ, ಕೆಳಗಿನ ಸೆಟ್ ನಿಲ್ಲುವುದೂ ಇಲ್ಲ ಎಂದರೆ ಎರಡು ಇಂಪ್ಲಾಂಟ್. ಕೆಳಗಿನ ಪೂರ್ತಿ ಸೆಟ್ಟಿಗೆ ಎರಡು ಇಂಪ್ಲಾಂಟಿನ ಆಸರೆಯೇ ಮೊದಲ ಆಯ್ಕೆಯಾಗಬೇಕು ಎಂದು 2002ರಲ್ಲೇ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹೇಳಿದ್ದರು. ಕೋರೆಹಲ್ಲಿನ ಜಾಗದಲ್ಲಿ ಎರಡು ಕೂಡಿಸಿ, ಎರಡು ಮೂರು ತಿಂಗಳು ಎಲುಬು ಹಿಡಿಯಲು ಬಿಟ್ಟು, ಸೆಟ್ಟಿಗೆ ಅಂಗಿಯ ಟಿಚ್ ಬಟನ್ನಿನಂಥ ಹಿಡಿಕೆ ಜೋಡಿಸುತ್ತೇವೆ. ಒಳಗಿನ ನೈಲಾನ್ ಬಿಲ್ಲೆ ಸವೆಯುತ್ತದೆ, ವರ್ಷದ ಆಚೀಚೆ ಬದಲಿಸಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಎಲುಬು ಗಟ್ಟಿಯಾಗಲೆಂದು ಇಂಜೆಕ್ಷನ್ ತಗೊಂಡಿದ್ದರೆ ಇಂಪ್ಲಾಂಟಿಗಷ್ಟೇ ಅಲ್ಲ, ಹಲ್ಲು ಕೀಳಿಸುವ ಮೊದಲೂ ಹೇಳಲೇಬೇಕು. ಅಂಥವರಲ್ಲಿ ದವಡೆಯ ಗಾಯ ಮಾಯದೆ ಎಲುಬು ಕೊಳೆಯುವ ಅಪಾಯವಿದೆ.

ಗದಗ, ಮುಂಡರಗಿ ಕಡೆಯವರದು ಇನ್ನೊಂದು ಸಂಗತಿ. ಅಲ್ಲಿಯ ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಹಲ್ಲಿನಲ್ಲಿ ಕಂದು ಪಟ್ಟೆ ಇರುತ್ತದೆ. ರೆಡಿಮೇಡ್ ಹಲ್ಲಿನ ಯಾವ ಶೇಡೂ ಅದಕ್ಕೆ ಹೊಂದದು. ಮುಂದಿನ ಒಂದೇ ಹಲ್ಲು ಕೂಡಿಸುವಾಗ ಪಕ್ಕದ ಹಲ್ಲಿನ ಫೋಟೊ ಹಗಲು ಬೆಳಕಿನಲ್ಲಿ ತೆಗೆದು ಲ್ಯಾಬಿಗೆ ಕಳಿಸಿ, ಪಟ್ಟೆಯನ್ನೂ ಬರೆಸುತ್ತೇವೆ. ಬಿಳಿ ಹಲ್ಲೇ ಬೇಕೆಂದು ಹಟ ಹಿಡಿದರೆ ಅದೊಂದೇ ಎದ್ದು ಕಾಣುತ್ತದೆ.

ಗುಟ್ಕಾ ತಿನ್ನುವವರಿಗೆ ಮೊದಲ ಪರೀಕ್ಷೆ ಮೂರು ಬೆರಳು. ಬಾಯಿ ತೆರೆದಾಗ ಅವರದೇ ಮೂರು ಬೆರಳು ನಿಲ್ಲದಿದ್ದರೆ ಟ್ರೇ ಒಳಗೆ ಹೋಗದು. ಬಿಳಿ ಕಲೆ, ಮಾಯದ ಹುಣ್ಣು ಇದ್ದರೆ ಅದರ ಮೇಲೆ ಸೆಟ್ ಇಲ್ಲ, ಮೊದಲು ಆ ಜಾಗದ ಚೂರು ತೆಗೆದು ಪರೀಕ್ಷೆ (ಬಯಾಪ್ಸಿ).

ಸೆಟ್ ಕೊಟ್ಟ ಮರುದಿನ, ಮೂರನೆಯ ದಿನ, ವಾರಕ್ಕೆ ಬರಬೇಕು. ಚುಚ್ಚಿದ ಜಾಗವನ್ನು ಮನೆಯಲ್ಲಿ ಕಾನಸು ಹಾಕಿ ತಿಕ್ಕಬಾರದು. ಬರುವ ದಿನ ಸೆಟ್ ಹಾಕಿಕೊಂಡೇ ಬಂದರೆ ಕೆಂಪು ಗುರುತು ಕಾಣುತ್ತದೆ, ಅಲ್ಲಷ್ಟೇ ಅರೆಯಬಹುದು. ಅರೆದು ಎರಡು ವಾರವಾದರೂ ಹುಣ್ಣು ಮಾಯದಿದ್ದರೆ ಸೆಟ್ಟಿನ ತಪ್ಪೆಂದು ಸುಮ್ಮನಿರಬಾರದು. ಮೊದಲ ವಾರ ಸಜ್ಜಕ, ಅನ್ನ ಸಾರು, ಉಪ್ಪಿಟ್ಟು. ಆಮೇಲೆ ಸಾರಿನಲ್ಲಿ ನೆನೆಸಿದ ಬಿಸಿ ರೊಟ್ಟಿ, ಎರಡೂ ಬದಿಯಲ್ಲಿ ಒಟ್ಟಿಗೆ ಅಗಿಯಬೇಕು. ಕಟಕ ರೊಟ್ಟಿಯನ್ನು ಕೈಯಲ್ಲಿ ಮುರಿದು ಬದಿಗೆ ಹಾಕಬೇಕು. ಮುಂದಿನ ಹಲ್ಲಿಂದ ಕಚ್ಚಿ ಎಳೆದರೆ ಹಿಂದಿನ ಅಂಚು ಏಳುತ್ತದೆ. ಕಬ್ಬು, ಮೆಕ್ಕೆಜೋಳದ ತೆನೆ ಮರೆತುಬಿಡಿ.

ರಾತ್ರಿ ತೆಗೆದು ತಣ್ಣೀರಿನಲ್ಲಿಡಬೇಕು. ನಳ ದಿನಾ ಬರದ ಊರಾದರೂ ಆ ಬಟ್ಟಲ ನೀರು ದಿನಾ ಬದಲಾಗಲಿ. ತೊಳೆಯಲು ಸೋಪು, ಮೆತ್ತನೆ ಬ್ರಷ್. ಟೂತ್‌ಪೇಸ್ಟ್ ಗೀರು ಹಾಕುತ್ತದೆ, ಕುದಿನೀರು ಸೊಟ್ಟ ಮಾಡುತ್ತದೆ, ಬ್ಲೀಚಿಂಗ್ ಪುಡಿ ಲೋಹ ತಿನ್ನುತ್ತದೆ. ತೊಳೆಯುವಾಗ ಕೆಳಗೆ ನೀರು ತುಂಬಿದ ಬುಟ್ಟಿ ಇಟ್ಟುಕೊಳ್ಳಿ. ಒಡೆದರೆ ಫೆವಿಕ್ವಿಕ್ ಹಚ್ಚಬೇಡಿ, ತುಂಡು ಕೂದಲೆಳೆ ಸರಿದು ಅಂಟಿದರೂ ರಿಪೇರಿಗೆ ಬಾರದು. ತುಂಡೆಲ್ಲ ಒಂದು ಡಬ್ಬಿಯಲ್ಲಿ ತನ್ನಿ. ಶೇಂಗಾ ಚಟ್ನಿಯ ಪುಡಿ ಮೊದಲಿಗಿಂತ ಹೆಚ್ಚು ಸೆಟ್ಟಿನಡಿ ಸೇರತೊಡಗಿತೆಂದರೆ ಎಲುಬು ಇಳಿದಿದೆ, ಒಳಮೈಗೆ ಹೊಸ ಪದರ ಬೇಕು. ಹೊಸ ಸೆಟ್ಟೇ ಮಾಡಿಸುವಿರಾದರೆ ಹಳೆಯದನ್ನು ಎಸೆಯದೆ ತನ್ನಿ. ಇಷ್ಟು ವರ್ಷ ನಿಮ್ಮ ದವಡೆ ಯಾವ ಎತ್ತರಕ್ಕೆ ಒಗ್ಗಿತ್ತು, ಯಾವ ಬದಿಯಲ್ಲಿ ಹೆಚ್ಚು ಅಗಿದಿದ್ದೀರಿ, ಎಲ್ಲವೂ ಅದರ ಸವೆದ ಹಲ್ಲಿನಲ್ಲೇ ಕಾಣುತ್ತದೆ.