ಗೇಮ್ ಆಫ್ ಥ್ರೋನ್ಸ್: ಪುಸ್ತಕವನ್ನೂ ಸೀರೀಸನ್ನೂ ಹೋಲಿಸಿ ನೋಡುವುದು ಹೇಗೆ?

ಓದಿದವರೂ ನೋಡಿದವರೂ ಒಂದು ಕಡೆ ಸೇರಿದರೆ ಮಾತು ಶುರುವಾಗುವುದೇ "ಅದನ್ನು ಬಿಟ್ಟರು, ಇದನ್ನು ಬದಲಾಯಿಸಿದರು" ಅಂತ. ಸುಮ್ನೆ ಪಟ್ಟಿ ಮಾಡಿದರೆ ಏನೂ ಸಿಗಲ್ಲ. ಒಂದೇ ಪ್ರಶ್ನೆ ಹಿಡಿದುಕೊಳ್ಳಿ: ಈ ಘಟನೆಯನ್ನು ಯಾರ ಕಣ್ಣಿಂದ ನೋಡುತ್ತಿದ್ದೇನೆ? (ಮುಂದೆ ಕಥೆಯ ಗುಟ್ಟುಗಳಿವೆ, ನೋಡದವರು ಇಲ್ಲೇ ನಿಲ್ಲಿಸಿ.)

ಈ ಪುಸ್ತಕಗಳ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ಪ್ರತಿ ಅಧ್ಯಾಯವನ್ನೂ ಒಂದು ಪಾತ್ರದ ತಲೆಯೊಳಗೆ ಕೂತು ಬರೆಯುತ್ತಾರೆ. ಆ ಪಾತ್ರ ಕಾಣದ್ದು ನಮಗೂ ಕಾಣಲ್ಲ. ಕ್ಯಾಮೆರಾಗೆ ಈ ಕಟ್ಟುಪಾಡು ಇಲ್ಲ.

1996ರ ಮೊದಲ ಪುಸ್ತಕ ಮತ್ತು 2011ರ ಮೊದಲ ಸೀಸನ್‌ನಿಂದಲೇ ಶುರು ಮಾಡಿ, ಎರಡೂ ತುಂಬಾ ಹತ್ತಿರ ಇವೆ. ಕೆಲವು ಅಧ್ಯಾಯ ಓದಿ, ಆಮೇಲೆ ಆ ಎಪಿಸೋಡ್ ನೋಡಿ. ಯಾವ ದೃಶ್ಯದಲ್ಲಿ ಅಧ್ಯಾಯ ಇರುವ ಪಾತ್ರ ಒಂದೂ ಇಲ್ಲವೋ ಅದನ್ನು ಗುರುತು ಹಾಕಿಕೊಳ್ಳಿ. ಐದನೇ ಎಪಿಸೋಡ್‌ನಲ್ಲಿ ರಾಜ ರಾಬರ್ಟ್ ಮತ್ತು ರಾಣಿ ಸರ್ಸಿ ತಮ್ಮ ಹಾಳಾದ ಮದುವೆಯ ಬಗ್ಗೆ ಮಾತಾಡುತ್ತಾರಲ್ಲ, ಅದು ಪುಸ್ತಕದಲ್ಲಿ ಇಲ್ಲ, ಯಾಕೆಂದರೆ ಆ ಪುಸ್ತಕದಲ್ಲಿ ಅವರಿಬ್ಬರಿಗೂ ಅಧ್ಯಾಯವೇ ಇಲ್ಲ. ನನಗಂತೂ ಆ ಸೀಸನ್‌ನಲ್ಲಿ ಅದಕ್ಕಿಂತ ಒಳ್ಳೆಯ ದೃಶ್ಯ ಇಲ್ಲ.

ಈಗ ಉತ್ತರದ ಯುವ ರಾಜ ರಾಬ್ ಸ್ಟಾರ್ಕ್‌ನ ಮದುವೆ ತೆಗೆದುಕೊಳ್ಳಿ, ಈ ವಿಧಾನದ ಬೆಲೆ ತಿಳಿಯುವುದು ಇಲ್ಲೇ. ರಾಬ್‌ಗೂ ಅಧ್ಯಾಯ ಇಲ್ಲ, ಅವನನ್ನು ಜಾಸ್ತಿ ನೋಡುವುದು ತಾಯಿ ಕ್ಯಾಟ್ಲಿನ್ ಕಣ್ಣಿಂದ. ಅವನು ಜೇನ್ ವೆಸ್ಟರ್ಲಿಂಗ್‌ಳನ್ನು ಮದುವೆಯಾದದ್ದು ತಾಯಿಗೆ ಗೊತ್ತಾಗುವುದು ಎಲ್ಲ ಮುಗಿದ ಮೇಲೆ, ನಮಗೂ ಆಗಲೇ. ಸೀರೀಸ್‌ನಲ್ಲಿ ಜೇನ್ ಬದಲು ಟಲೀಸಾ ಬರುತ್ತಾಳೆ, ಪ್ರೀತಿ ಬೆಳೆಯುವುದನ್ನು ನಾವೇ ನೋಡುತ್ತೇವೆ, ಕೊನೆಗೆ ರೆಡ್ ವೆಡಿಂಗ್ ಎಂಬ ಮದುವೆಮನೆಯ ಹತ್ಯಾಕಾಂಡದಲ್ಲಿ ರಾಬ್ ಜೊತೆ ಅವಳೂ ಸಾಯುತ್ತಾಳೆ. ಪುಸ್ತಕದಲ್ಲಿ ಜೇನ್ ಅಲ್ಲಿಗೆ ಹೋಗುವುದೇ ಇಲ್ಲ. ಹಾಗಾಗಿ ಪರದೆ ಮೇಲೆ ಅದು ಪ್ರೇಮಿಗಳ ದುರಂತ, ಪುಟದಲ್ಲಿ ಮಗನನ್ನು ಕಳೆದುಕೊಳ್ಳುವ ತಾಯಿಯ ದುರಂತ. ಪುಟದ್ದೇ ನನ್ನನ್ನು ಜಾಸ್ತಿ ಕಾಡಿದ್ದು.

ಎಲ್ಲ ಬದಲಾವಣೆಗೂ ಇಷ್ಟು ಆಳವಾದ ಕಾರಣ ಇರಲ್ಲ. ಗ್ರೀನ್ ಫೋರ್ಕ್ ಯುದ್ಧದಲ್ಲಿ ಸರ್ಸಿಯ ತಮ್ಮ ಟಿರಿಯನ್ ಪುಸ್ತಕದಲ್ಲಿ ಹೋರಾಡುತ್ತಾನೆ, ಸೀರೀಸ್‌ನಲ್ಲಿ ಶುರುವಿನಲ್ಲೇ ಪ್ರಜ್ಞೆ ತಪ್ಪುತ್ತಾನೆ. ಅದು ಯುದ್ಧ ಚಿತ್ರಿಸುವ ದುಡ್ಡಿನ ವಿಷಯ. ಮದುವೆ ಮಾಡಿಕೊಡಲಾಗುವ ರಾಜಕುಮಾರಿ ಡೆನೇರಿಸ್‌ಗೆ ಪುಸ್ತಕದ ಶುರುವಿನಲ್ಲಿ 13 ವರ್ಷ, ಅದನ್ನು ಹಾಗೇ ತೋರಿಸಲು ಆಗುತ್ತಿರಲಿಲ್ಲ ಅಲ್ವಾ.

ಮೂರನೇ ಪುಸ್ತಕ 3 ಮತ್ತು 4ನೇ ಸೀಸನ್‌ಗಳಲ್ಲಿ ಹಂಚಿಹೋಗಿದೆ. ಎಪಿಸೋಡ್ ಲೆಕ್ಕದಲ್ಲಿ ಹೋಲಿಸುವುದನ್ನು ಅಲ್ಲಿಗೆ ನಿಲ್ಲಿಸಿ. ನಾಲ್ಕು ಮತ್ತು ಐದನೇ ಪುಸ್ತಕಗಳ ಕಥೆ ಬಹಳಷ್ಟು ಒಂದೇ ಕಾಲದಲ್ಲಿ ಬೇರೆ ಬೇರೆ ಊರುಗಳಲ್ಲಿ ನಡೆಯುತ್ತದೆ, 5ನೇ ಸೀಸನ್ ಎರಡನ್ನೂ ಕಲಸಿಬಿಡುತ್ತದೆ. 6ನೇ ಸೀಸನ್‌ನಿಂದ ಬಹುಪಾಲು ಹೋಲಿಸಲು ಪುಸ್ತಕವೇ ಇಲ್ಲ, 2011ರ ಐದನೆಯದರ ಮುಂದಿನದು ಬಂದಿಲ್ಲ. 2019ರ ಮುಕ್ತಾಯವನ್ನು ಬೈಯಿರಿ, ಆದರೆ "ಪುಸ್ತಕದಲ್ಲಿ ಹೀಗಿರಲಿಲ್ಲ" ಅನ್ನಬೇಡಿ.

ಇದರ ಹಿಂದಿನ ಕಾಲದ ಕಥೆ ಹೇಳುವ ಸೀರೀಸ್ ಹೌಸ್ ಆಫ್ ದ ಡ್ರ್ಯಾಗನ್‌ಗೆ ಕ್ರಮ ತಿರುಗಿಸಿ, ಮೊದಲು ನೋಡಿ, ಆಮೇಲೆ ಓದಿ. ಅದರ ಮೂಲ, 2018ರ ಫೈರ್ ಅಂಡ್ ಬ್ಲಡ್, ಕಾದಂಬರಿಯಂತಿಲ್ಲ, ಒಬ್ಬ ಇತಿಹಾಸಕಾರ ಬರೆದ ಚರಿತ್ರೆಯಂತಿದೆ. ಅವನ ಸಾಕ್ಷಿಗಳೇ ಒಬ್ಬರಿಗೊಬ್ಬರು ಒಪ್ಪುವುದಿಲ್ಲ. ರಾಜಕುಮಾರಿ ರೆನೈರಾಳ ಗಂಡ ಲೇನಾರ್‌ನನ್ನು ಗೆಳೆಯ ಕಾರ್ಲ್ ಕೊಂದ ಅನ್ನುತ್ತದೆ ಪುಸ್ತಕ, ರಾಜನ ತಮ್ಮ ಡೇಮನ್ ದುಡ್ಡು ಕೊಟ್ಟು ಕೊಲ್ಲಿಸಿದ ಅನ್ನುತ್ತಾನೆ ಮಶ್ರೂಮ್ ಎಂಬ ವಿದೂಷಕ. ಸೀರೀಸ್‌ನ ಮೊದಲ ಸೀಸನ್‌ನ 7ನೇ ಎಪಿಸೋಡ್‌ನಲ್ಲಿ ಲೇನಾರ್ ದೋಣಿಯಲ್ಲಿ ಜೀವಂತ ಹೋಗುತ್ತಾನೆ! ಇಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಸೀರೀಸ್ ಯಾವ ಸಾಕ್ಷಿಯನ್ನು ನಂಬಿತು, ಯಾರಿಗೂ ಗೊತ್ತಿಲ್ಲದ್ದನ್ನು ಎಲ್ಲಿ ತಾನೇ ಸೇರಿಸಿತು?