ಕಂತು ಕಟ್ಟಿದ್ರಾ ಅಂತಲ್ಲ, ಎಲ್ಲಿಂದ ತಂದು ಕಟ್ಟಿದ್ರಿ ಅಂತ ಕೇಳೋಕೆ ಶುರು ಮಾಡಿದ್ಮೇಲೆ

ನಾನು ಚಳ್ಳಕೆರೆ ತಾಲೂಕಿನ ಒಂದು ಪಂಚಾಯ್ತಿ ಒಕ್ಕೂಟದಲ್ಲಿ ಎಂಬಿಕೆ, ಅಂದ್ರೆ ಸಂಜೀವಿನಿ ಮಹಿಳಾ ಸ್ವಸಹಾಯ ಸಂಘಗಳ ಮುಖ್ಯ ಪುಸ್ತಕ ಬರಹಗಾರ್ತಿ. ಉಳಿತಾಯ, ಒಳಸಾಲ (ಸಂಘದ ದುಡ್ಡಲ್ಲೇ ಸದಸ್ಯರಿಗೆ ಕೊಡೋ ಸಾಲ), ಬ್ಯಾಂಕ್ ಸಾಲ, ಒಕ್ಕೂಟದಿಂದ ಬರೋ ಸಿಐಎಫ್ ಅಂದ್ರೆ ಸಮುದಾಯ ಬಂಡವಾಳ ನಿಧಿ ದುಡ್ಡು, ಎಲ್ಲಾ ಲೆಕ್ಕ ನಮ್ಮ ಪುಸ್ತಕದಲ್ಲೇ ಇರುತ್ತೆ. ಸಣ್ಣ ಸಾಲದಿಂದ ಹೆಣ್ಮಕ್ಕಳಿಗೆ ಒಳ್ಳೇದಾಯ್ತಾ ಕೆಟ್ಟದ್ದಾಯ್ತಾ ಅಂತ ಯಾರಾದ್ರೂ ಕೇಳಿದ್ರೆ ನಾನು ಯಾವ ವರ್ಷದ್ದು ಹೇಳ್ಲಿ ಅಂತ ತಿರುಗಿ ಕೇಳ್ತೀನಿ. ನಮ್ಮದು ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳೋ ಸೀಮೆ, ಶೇಂಗಾ ಮತ್ತೆ ಕುರಿ ನಂಬ್ಕೊಂಡು ಬದುಕೋ ಜನ. ಬರ ನಮಗೆ ಹೊಸದಲ್ಲ, ಹಳಬರು ಅದಕ್ಕೆ ತಕ್ಕಂಗೆ ಬದುಕೋದು ಕಲ್ತಿದ್ರು. ಈಗಿನ ಕಷ್ಟ ಅಂದ್ರೆ ಮಳೆ ಯಾವ ವರ್ಷ ಯಾವ ಕಡೆಗೆ ವಾಲುತ್ತೆ ಅಂತ ಗೊತ್ತಾಗದೇ ಇರೋದು. 2022ರಲ್ಲಿ ಪಕ್ಕದ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ಮೇಲೆ ಮೊದಲ ಸಲ ಕೋಡಿ ಬಿತ್ತು, ಎಲ್ಲರೂ ಬಾಗಿನ ಅರ್ಪಿಸಿ ಫೋಟೋ ಹಾಕಿದ್ರು, ಇತ್ತ ನಮ್ಮೂರ ಕಡೆ ಹೊಲದಲ್ಲಿ ನೀರು ನಿಂತು ಶೇಂಗಾ ಕೊಳೀತು, ಕುರಿಗೆ ಅಂತ ಇಟ್ಕೊಳ್ಳೋ ಹೊಟ್ಟೂ ಬೂಸ್ಟು ಹಿಡೀತು. ಅದಾದ ಮರುವರ್ಷವೇ 2023ರ ಬರ, ದೇಶದಲ್ಲೇ 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್ ಬಂದಿರ್ಲಿಲ್ಲ, ರಾಜ್ಯದಲ್ಲಿ 223 ತಾಲೂಕು ಬರಪೀಡಿತ ಅಂತ ಘೋಷಣೆ ಆಯ್ತು.

ವಿಚಿತ್ರ ಏನಂದ್ರೆ ಆ ವರ್ಷವೂ ನನ್ನ ಪುಸ್ತಕದಲ್ಲಿ ಮರುಪಾವತಿ ಹೆಚ್ಚುಕಮ್ಮಿ ನೂರಕ್ಕೆ ನೂರು. ವರದಿ ಹಾಕಿದ್ರೆ ಮೇಲಿನವರು ಭೇಷ್ ಅಂತಿದ್ರು. ಆದ್ರೆ ಊರಲ್ಲಿ ಓಡಾಡೋಳು ನಾನು, ಯಾರ ಕಿವೀಲಿ ಓಲೆ ಇಲ್ಲ, ಯಾರ ಮನೆ ಹುಡುಗಿ ಪಿಯುಸಿ ಬಿಟ್ಟು ಗಾರ್ಮೆಂಟ್ಸ್‌ಗೆ ಹೋದ್ಲು, ಯಾರು ಬಿಪಿ ಮಾತ್ರೆ ದಿನ ಬಿಟ್ಟು ದಿನ ನುಂಗ್ತಿದಾರೆ ಅಂತ ಕಾಣ್ತಿತ್ತು. ಬೆಳೆ ಇಲ್ಲದ ವರ್ಷ ಈ ದುಡ್ಡು ಎಲ್ಲಿಂದ ಬರ್ತಿದೆ ಅಂತ ಆಗ ಒಂದು ಕೆಲಸ ಶುರು ಮಾಡಿದೆ, ಸಭೇಲಿ ಕಂತು ತಗೊಳ್ಳುವಾಗ ಅಕ್ಕ ಇದು ಎಲ್ಲಿಂದ ತಂದ್ರಿ ಅಂತ ಕೇಳಿ ಹೆಸರಿನ ಪಕ್ಕ ಪೆನ್ಸಿಲ್ಲಲ್ಲಿ ಒಂದೇ ಪದ ಬರ್ಕೊಳ್ಳೋದು. ಕೂಲಿ, ಹಾಲು, ಕುರಿ, ಕೈಸಾಲ, ಅಡ, ಇನ್ನೊಂದು ಲೋನ್, ಗೃಹಲಕ್ಷ್ಮಿ. ಎಲ್ಲರ ಮುಂದೆ ಕೇಳಿದ್ರೆ ಎಲ್ಲರೂ ಕೂಲಿ ಅಂತಲೇ ಅಂದ್ರು, ಗುಂಪಲ್ಲಿ ಯಾರು ಮರ್ಯಾದೆ ಕಳ್ಕೊತಾರೆ ಹೇಳಿ. ಹಂಗಾಗಿ ಮಧ್ಯಾಹ್ನ ಗಂಡಸರು ಇಲ್ಲದ ಹೊತ್ತಲ್ಲಿ ಮನೆಗೇ ಹೋಗಿ ಕೂತು ಕೇಳೋಕೆ ಶುರು ಮಾಡಿದೆ, ಆಗ ಒಬ್ಬೊಬ್ಬರೇ ಅಕ್ಕಿ ಡಬ್ಬದ ಹಿಂದಿಂದ, ಟ್ರಂಕಿನ ತಳದಿಂದ ಮೈಕ್ರೋಫೈನಾನ್ಸ್ ಕಂಪನಿ ಸಾಲದ ಕಾರ್ಡ್‌ಗಳನ್ನ ತೆಗೆದು ತೋರಿಸಿದ್ರು. ಕೆಲವು ಸಾಲ ಗಂಡನಿಗೂ ಗೊತ್ತಿರ್ಲಿಲ್ಲ, ಕೆಲವು ಗಂಡನಿಗೋಸ್ಕರವೇ ಇವಳ ಹೆಸರಲ್ಲಿ ಎತ್ತಿದ್ದು.

ಲೆಕ್ಕ ಬಿಡಿಸಿ ಹೇಳ್ತೀನಿ ನೋಡಿ. ಐವತ್ತು ಸಾವಿರ ಸಾಲ, ವರ್ಷಕ್ಕೆ 24% ಬಡ್ಡಿ, ಎರಡು ವರ್ಷ ಅಂದ್ರೆ ತಿಂಗಳ ಕಂತು ಸುಮಾರು 2,640 ರೂಪಾಯಿ. 2023-24ರಲ್ಲಿ ನರೇಗಾ ಕೂಲಿ 316 ಇತ್ತು. ಅಲ್ಲಿಗೆ ಒಂದು ಕಂತಿಗೆ ಎಂಟು ದಿನದ ದುಡಿಮೆ ಮೇಲೆ, ಅಂಥ ಎರಡು ಸಾಲ ಇದ್ದೋಳಿಗೆ ಹದಿನೇಳು ದಿನ, ಅದೂ ಅಷ್ಟು ದಿನ ಕೆಲಸ ಸಿಕ್ಕಿ ಕೂಲಿ ಸಮಯಕ್ಕೆ ಖಾತೆಗೆ ಬಿದ್ರೆ. ಆರ್‌ಬಿಐ 2022ರಲ್ಲಿ ನಿಯಮ ಮಾಡಿದೆ, ಒಂದು ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ, ನಿಯಮ ಒಳ್ಳೇದೇ. ಆದ್ರೆ ನಮ್ಮಲ್ಲಿ ತಿಂಗಳ ಆದಾಯ ಅಂತ ಎಲ್ಲಿದೆ? ಅರ್ಜೀಲಿ ವರ್ಷದ ಆದಾಯ ಒಂದೂ ಕಾಲು ಲಕ್ಷ ಅಂತ ಬರೆದು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ ಹತ್ತು ಸಾವಿರದ ಚಿಲ್ಲರೆ ಅಂತ ಹಾಕ್ತಾರೆ, ಐದು ಸಾವಿರ ಕಂತು ಕಟ್ಟೋ ಶಕ್ತಿ ಇದೆ ಅಂತ ಕಾಗದದ ಮೇಲೆ ಸರಿಹೋಗುತ್ತೆ. ಶೇಂಗಾ ದುಡ್ಡು ಬರೋದು ಕಾರ್ತೀಕದ ಹೊತ್ತಿಗೆ ಒಂದೇ ಸಲ. ಆಷಾಢ ಶ್ರಾವಣದಲ್ಲಿ ಬೀಜ ಗೊಬ್ಬರ ಕಳೆಗೆ ಖರ್ಚೇ ಹೊರತು ಒಳಗೆ ಬರೋದು ಏನೂ ಇಲ್ಲ, ಆ ಹತ್ತು ಸಾವಿರ ಆ ತಿಂಗಳಲ್ಲಿ ಇರೋದೇ ಇಲ್ಲ.

ಒಂದು ಡ್ರಾಯಿಂಗ್ ಶೀಟ್ ತಂದು ಸಂಘದಲ್ಲಿ ಎಲ್ಲರನ್ನೂ ಕೂರಿಸಿ ಚಾರ್ಟ್ ಮಾಡಿದ್ವಿ. ಮೇಲಿನ ಸಾಲಲ್ಲಿ ಮಳೆಗಳು, ರೋಹಿಣಿಯಿಂದ ಸ್ವಾತಿವರೆಗೆ, ಇಂಗ್ಲಿಷ್ ತಿಂಗಳಿಗಿಂತ ಅದೇ ಅವರಿಗೆ ಬಾಯಿಗೆ ಬರೋದು. ಅದರ ಕೆಳಗೆ ದುಡ್ಡು ಬರೋದು, ಅದರ ಕೆಳಗೆ ಖರ್ಚು, ಕೊನೇಲಿ ಕಂತು. ಓದೋಕೆ ಬರದ ಒಬ್ಬ ಅಜ್ಜಿ ಬೆರಳಿಟ್ಟು ಇಲ್ನೋಡಮ್ಮ, ಆರಿದ್ರದಿಂದ ಉತ್ತರೆ ತನಕ ನಾವು ಬರೀ ಕೊಡೋರೇ ಅಂದ್ರು. ಆ ಮೂರು-ನಾಲ್ಕು ತಿಂಗಳಲ್ಲೇ ನನ್ನ ಪೆನ್ಸಿಲ್ ಗುರುತಲ್ಲಿ ಅಡ ಮತ್ತೆ ಇನ್ನೊಂದು ಲೋನ್ ಅನ್ನೋದು ತುಂಬ್ಕೊಂಡಿತ್ತು.

ನಮ್ಮ ಕೈಲಿರೋದು ಒಳಸಾಲ, ಅದನ್ನ ಮೊದಲು ಬದಲಾಯಿಸಿದ್ವಿ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ ಹಂಗೇ ಇಟ್ವಿ, ಆದ್ರೆ ಬೇಸಾಯಕ್ಕೆ ಸಾಲ ತಗೊಂಡೋರು ಜೂನ್‌ನಿಂದ ಅಕ್ಟೋಬರ್ ತನಕ ಬಡ್ಡಿ ಮಾತ್ರ ಕಟ್ಟಬೇಕು, ಅಸಲು ನವೆಂಬರ್‌ನಿಂದ ಮಾರ್ಚ್ ಒಳಗೆ. ಹಸು ಇಟ್ಟೋರಿಗೆ ಹಾಲಿನ ಬಿಲ್ ಬಂದಾಗ ಸಣ್ಣ ಸಣ್ಣ ಕಂತು. ಮರಿ ತಂದು ಮೇಯಿಸೋರಿಗೆ ಮಾರಿದಾಗ ಒಂದೇ ಕಂತು, ಅವರಿಗೆ ತಿಂಗಳ ಕಂತು ಹಾಕಿದ್ರೆ ಬೆಳೀದೇ ಇರೋ ಮರೀನೇ ಮಾರ್ತಾರೆ. ಬರದಲ್ಲಿ ಎಲ್ಲರೂ ಒಟ್ಟಿಗೆ ಕುರಿ ಸಂತೆಗೆ ಹೊಡೆದು ರೇಟ್ ಬಿದ್ದುಹೋಗುತ್ತೆ, ಅದಕ್ಕೆ ಮೇವಿಗೆ ಅಂತಲೇ ಸಣ್ಣ ಸಾಲ ಬೇರೆ ಇಟ್ವಿ. ಬೋರ್‌ವೆಲ್‌ಗೆ ಮಾತ್ರ ಸಾಲ ಕೊಡಲ್ಲ ಅಂತ ಕಡ್ಡಿ ಮುರಿದಂಗೆ ಬರೆದ್ವಿ, ಇದಕ್ಕೆ ಜಗಳ ಆಯ್ತು, ಇವತ್ತಿಗೂ ಇಬ್ಬರು ನನ್ನ ಜೊತೆ ಸರಿಯಾಗಿ ಮಾತಾಡಲ್ಲ, ಆದ್ರೂ ನೀರು ಬೀಳದ ಬೋರಿನ ಸಾಲ ತೀರಿಸೋ ಹೆಣ್ಮಗಳ ಪಾಡು ನೋಡಿದ್ಮೇಲೆ ನಾನು ಆ ವಿಷಯದಲ್ಲಿ ಬಗ್ಗಲ್ಲ.

ಬ್ಯಾಂಕ್ ಸಾಲ ಅಷ್ಟು ಸುಲಭ ಇರ್ಲಿಲ್ಲ. ಸಂಘಗಳಿಗೆ ಮೂರು ಲಕ್ಷದವರೆಗೆ 7% ಬಡ್ಡಿಗೆ ಸಿಗುತ್ತೆ, ಆದ್ರೆ 90 ದಿನ ಬಾಕಿ ಬಿದ್ರೆ ಎನ್‌ಪಿಎ, ಅಂದ್ರೆ ವಸೂಲಾಗದ ಸಾಲ ಅಂತ ಲೆಕ್ಕ, ಆಮೇಲೆ ಸಂಘಕ್ಕೇ ಮುಂದಿನ ಸಾಲ ಇಲ್ಲ. ಅವರ ತಾರೀಖು ನಾವು ಬದಲಾಯಿಸೋಕಾಗಲ್ಲ ಅಂತ ಎರಡು ದಾರಿ ಹಿಡಿದ್ವಿ. ಒಂದು, ರಿನೀವಲ್‌ಗೆ ಬಂದ ಸಂಘಗಳಿಗೆ ಕಂತು ಗೊತ್ತುಮಾಡಿರೋ ಟರ್ಮ್ ಲೋನ್ ಬದಲು ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆನೇ ಕೇಳಿದ್ವಿ, ಅದರಲ್ಲಿ ದುಡ್ಡಿದ್ದಾಗ ಹೆಚ್ಚು ಕಟ್ಟಿ ಬೇಕಾದಾಗ ಲಿಮಿಟ್ ಒಳಗೆ ತಗೋಬಹುದು, ಕಟ್ಟಿದ ದಿನದಿಂದ ಬಡ್ಡೀನೂ ಕಡಿಮೆ. ಇನ್ನೊಂದು, ಸುಗ್ಗೀಲಿ ಪ್ರತಿಯೊಬ್ಬರೂ ಮಳೆಗಾಲದ ನಾಲ್ಕು ಕಂತಿನ ದುಡ್ಡನ್ನ ಮುಂಚೇನೇ ಸಂಘದ ಉಳಿತಾಯ ಖಾತೆಗೆ ಹಾಕೋದು. ಮನೇಲಿ ಇಟ್ರೆ ಉಳಿಯಲ್ಲ, ಮದುವೆ ಜಾತ್ರೆ ಅಂತ ಕರಗುತ್ತೆ. ಸುಗ್ಗಿನೇ ಕೈಕೊಟ್ಟ ವರ್ಷಕ್ಕೆ ಒಕ್ಕೂಟದ ವಿಆರ್‌ಎಫ್ ಅನ್ನೋ ನಿಧಿ ಇದೆ, ತೀರಾ ಕಷ್ಟದಲ್ಲಿರೋರಿಗೆ ರೇಷನ್ನಿಗೆ, ಆಸ್ಪತ್ರೆಗೆ ಅಂತ ಕೊಡೋದು, ಅದು ದೊಡ್ಡ ಮೊತ್ತ ಏನಲ್ಲ, ಇಡೀ ಪಂಚಾಯ್ತಿಗೆ ಒಟ್ಟಿಗೆ ಬರ ಬಂದ್ರೆ ಸಾಲಲ್ಲ.

ಬರ ಪರಿಹಾರ, ಬೆಳೆ ವಿಮೆ ಇದೆಯಲ್ಲ ಅಂತೀರಾ, ಇಲ್ಲೇ ನನಗೆ ಜಾಸ್ತಿ ಸಿಟ್ಟು ಬರೋದು. ಬೀಜಕ್ಕೆ ಸಾಲ ಮನೆ ಹೆಣ್ಮಗಳ ಹೆಸರಲ್ಲಿ, ಪಹಣಿ ಮಾವನ ಹೆಸರಲ್ಲಿ. ಫಸಲ್ ಬಿಮಾದಲ್ಲಿ ಮುಂಗಾರು ಬೆಳೆಗೆ ರೈತರ ಪಾಲು 2% ಪ್ರೀಮಿಯಂ, ಅದನ್ನ ಇವಳು ಕೂಲಿ ದುಡ್ಡಲ್ಲಿ ಕಟ್ಟಿದ್ರೂ ಹಣ ಬಂದ್ರೆ ಬೀಳೋದು ಪಹಣಿದಾರರ ಖಾತೆಗೆ. 2024ರ ಜನವರೀಲಿ ಸರ್ಕಾರ ಮೊದಲ ಕಂತು ಅಂತ ಎರಡು ಸಾವಿರದವರೆಗೆ ಪರಿಹಾರ ಹಾಕ್ದಾಗಲೂ ಅಷ್ಟೇ. ಇವಳ ಹೆಸರಿಗೆ ನೇರ ಬಂದಿದ್ದು ಗೃಹಲಕ್ಷ್ಮಿ ಎರಡು ಸಾವಿರ ಒಂದೇ, ನನ್ನ ಪೆನ್ಸಿಲ್ ಗುರುತು ನೋಡಿದ್ರೆ ಅದರಲ್ಲಿ ಬಹಳಷ್ಟು ಸೀದಾ ಕಂತಿಗೇ ಹೋಗಿದೆ. ಈಗ ಬೇಸಾಯದ ಸಾಲ ಕೊಡುವಾಗ ವಿಮೆ ಬಂದ್ರೆ ಸಾಲಕ್ಕೆ ಜಮಾ ಮಾಡ್ತೀವಿ ಅಂತ ಪಹಣಿದಾರರ ಹತ್ರನೂ ಸಹಿ ಹಾಕಿಸ್ಕೊತೀವಿ. ಕಾನೂನಲ್ಲಿ ಅದು ಎಷ್ಟು ನಿಲ್ಲುತ್ತೋ ಬಿಡುತ್ತೋ, ಮನೇಲಿ ಇವಳಿಗೆ ಕೇಳೋಕೆ ಒಂದು ಬಾಯಿ ಬಂತು.

ಏನು ಬದಲಾಯ್ತು ಅಂದ್ರೆ, ಮಳೆಗಾಲದ ತಿಂಗಳಲ್ಲಿ ಅಡ ಅನ್ನೋ ಪದ ಕಡಿಮೆ ಆಗಿದೆ, ಸಭೆಗೆ ಬರದೇ ತಪ್ಪಿಸ್ಕೊಳ್ಳೋರು ಕಡಿಮೆ, ಕಂತಿನ ಹಿಂದಿನ ರಾತ್ರಿ ನಿದ್ದೆ ಬರುತ್ತೆ ಅಂತ ಒಂದಿಬ್ಬರು ತಾವಾಗೇ ಹೇಳಿದ್ರು. ಹೊರಗಿನ ಕಂಪನಿ ಸಾಲ ಮಾತ್ರ ಪೂರ್ತಿ ಹೋಗಿಲ್ಲ. 2025ರ ಫೆಬ್ರವರೀಲಿ ಬಲವಂತದ ವಸೂಲಿ ವಿರುದ್ಧ ಸುಗ್ರೀವಾಜ್ಞೆ ಬಂದ್ಮೇಲೆ ಮನೆ ಮುಂದೆ ಕೂತು ಕೂಗಾಡೋದು ನಮ್ಮ ಕಡೆ ನಿಂತಿದೆ, ಕಂತಿನ ತಾರೀಖು ಮಾತ್ರ ಅದೇ. ಅವರು ಅರ್ಧ ದಿನದಲ್ಲಿ ದುಡ್ಡು ಕೊಡ್ತಾರೆ, ನಾವು ಸಭೆ ಸೇರಿ ಠರಾವು ಮಾಡಿ ಬ್ಯಾಂಕಿಗೆ ಹೋಗಿ ತರೋ ಹೊತ್ತಿಗೆ ವಾರ ಆಗುತ್ತೆ, ಆಸ್ಪತ್ರೆ ಖರ್ಚು ವಾರ ಕಾಯಲ್ಲ. ಅದಕ್ಕೆ ಪ್ರತಿ ಸಂಘದ ಪ್ರತಿನಿಧಿ ಹತ್ರ ಐದು ಸಾವಿರ ತುರ್ತಿಗೆ ಅಂತ ಕೈಯಲ್ಲೇ ಇರ್ಲಿ, ಇಬ್ಬರು ಸಹಿ ಹಾಕಿದ್ರೆ ಅವತ್ತೇ ಕೊಡಬಹುದು, ಮುಂದಿನ ಸಭೇಲಿ ಎಲ್ಲರ ಒಪ್ಪಿಗೆ ತಗೋಬೇಕು ಅಂತ ನಡಾವಳಿ ಪುಸ್ತಕದಲ್ಲಿ ಬರೆದಿದೀವಿ. ಬೇರೆ ಕಡೆ ಎಂಬಿಕೆಗಳು ಯಾರಾದ್ರೂ ಇದನ್ನ ಮಾಡೋದಾದ್ರೆ ಮೊತ್ತ, ಯಾರ ಕೈಲಿರುತ್ತೆ, ಎಷ್ಟು ದಿನದಲ್ಲಿ ವಾಪಸ್ ಬರಬೇಕು, ಈ ಮೂರನ್ನೂ ಠರಾವಲ್ಲೇ ಬರೆದು ಎಲ್ಲರ ಸಹಿ ಹಾಕಿಸಿ, ಇಲ್ಲಾಂದ್ರೆ ಆಡಿಟ್‌ನಲ್ಲಿ ಪ್ರತಿನಿಧಿ ದುಡ್ಡು ತಿಂದ್ಲು ಅಂತ ಬರುತ್ತೆ.