ಕೆಟ್ಟು ಕೂತ ಗೇಮ್ ಬಾಯ್ ರಿಪೇರಿ: ಮೊದಲು ಶುಚಿ, ಆಮೇಲೆ ಬೆಸುಗೆ

1989ರಲ್ಲಿ ನಿಂಟೆಂಡೊ ಹೊರತಂದ, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಯಂತ್ರವಾದ ಮೊದಲ ಗೇಮ್ ಬಾಯ್, ಅಂದರೆ ಡಿಎಂಜಿ-01 ಮಾದರಿ, ಅಷ್ಟು ಸುಲಭಕ್ಕೆ ಸಾಯುವ ಜಾತಿಯದಲ್ಲ. ‘ಡೆಡ್’ ಅಂತ ಅಗ್ಗಕ್ಕೆ ಸಿಗುವ ಎಷ್ಟೋ ಸೆಟ್‌ಗಳಿಗೆ ಬೇಕಾಗಿರುವುದು ಹೊಸ ಭಾಗವಲ್ಲ, ಸರಿಯಾದ ಶುಚಿ. ಹಾಗಾಗಿ ಐಪಿಎಸ್ ಪರದೆಯ (ಹಳೆಯದರ ಬದಲು ಹಾಕುವ ಹೊಸ ಬಗೆಯ ಪರದೆ) ಕಿಟ್ ತರಿಸುವ ಆತುರ ಬೇಡ. ಕರೆಂಟ್, ಕಾರ್ಟ್ರಿಡ್ಜ್ (ಆಟ ತುಂಬಿರುವ, ಯಂತ್ರಕ್ಕೆ ಸಿಕ್ಕಿಸುವ ಡಬ್ಬಿ), ಪರದೆ: ಈ ಕ್ರಮದಲ್ಲೇ ಹೋಗಿ. ಕ್ರಮ ತಪ್ಪಿಸಿದರೆ ಚೆನ್ನಾಗಿರುವ ಪರದೆಯನ್ನು ಕಿತ್ತು ಹಾಕಿ, ಕೊನೆಗೆ ಸ್ವಿಚ್ಚಿನ ಕೊಳೆಯೇ ಕಾರಣ ಎಂದು ಗೊತ್ತಾಗುತ್ತದೆ.

ಬೇಕಾದ ಸಾಮಾನು: ಮೂರು ಕವಲಿನ ಟ್ರೈ-ವಿಂಗ್ ಸ್ಕ್ರೂಡ್ರೈವರ್, ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಶಾಖ ನಿಯಂತ್ರಣವಿರುವ ಸೋಲ್ಡರಿಂಗ್ ಐರನ್, ಕ್ಯಾಪ್ಟಾನ್ ಟೇಪ್ (ಶಾಖ ತಡೆಯುವ ಟೇಪ್), 99% ಐಸೊಪ್ರೊಪೈಲ್ ಆಲ್ಕೋಹಾಲ್, ಇಯರ್‌ಬಡ್, ಹಳೆಯ ಟೂತ್‌ಬ್ರಷ್. ಬೆಂಗಳೂರಿನವರಿಗೆ ಇದರಲ್ಲಿ ಹೆಚ್ಚಿನದು ಎಸ್.ಪಿ. ರೋಡಿನಲ್ಲಿ ಸಿಗುತ್ತದೆ, ಟ್ರೈ-ವಿಂಗ್ ಮಾತ್ರ ಆನ್‌ಲೈನ್‌ನಲ್ಲಿ ತರಿಸುವುದೇ ಸಲೀಸು. ಚಪ್ಪಟೆ ಸ್ಕ್ರೂಡ್ರೈವರ್ ತುರುಕಿ ತಿರುಗಿಸಲು ಹೋಗಬೇಡಿ. ತಲೆ ಸವೆದ ಸ್ಕ್ರೂ ತೆಗೆಯುವುದು ಇಡೀ ರಿಪೇರಿಗಿಂತ ದೊಡ್ಡ ಕೆಲಸ.

ಬಿಚ್ಚುವ ಮೊದಲು

ಹೊಸ ನಾಲ್ಕು ಎಎ ಸೆಲ್ ಹಾಕಿ, ಕಾರ್ಟ್ರಿಡ್ಜ್ ಇಲ್ಲದೆ ಆನ್ ಮಾಡಿ. ಪರದೆಯ ಮೇಲಿಂದ ಲೋಗೊ ಬದಲು ಒಂದು ಕಪ್ಪು ಪಟ್ಟಿ ಇಳಿದು ಬಂದರೆ ಖುಷಿಪಡಿ, ಪ್ರೊಸೆಸರ್ ಬದುಕಿದೆ. ಆನ್ ಆದಾಗ ಕಾಣುವ ನಿಂಟೆಂಡೊ ಲೋಗೊ ಕಾರ್ಟ್ರಿಡ್ಜ್‌ನಿಂದಲೇ ಓದಿಕೊಂಡದ್ದು. ಒಳಗಿನ ಪ್ರತಿಗೆ ಅದು ಹೊಂದದಿದ್ದರೆ ಯಂತ್ರ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಕಾರ್ಟ್ರಿಡ್ಜ್ ಹಾಕಿದ ಮೇಲೂ ಬರೀ ಕಪ್ಪು ಪಟ್ಟಿ ಬಂದರೆ ಸಂಪರ್ಕವೇ ಇಲ್ಲ, ಲೋಗೊ ಚಿಂದಿಯಾಗಿ ಬಂದರೆ ಕೆಲವು ಪಿನ್ ಕೊಳೆಯಾಗಿವೆ ಎಂದರ್ಥ. ಕಾರ್ಟ್ರಿಡ್ಜ್‌ನ 32 ಪಿನ್‌ಗಳನ್ನು ಆಲ್ಕೋಹಾಲಿನಲ್ಲಿ ಅದ್ದಿದ ಇಯರ್‌ಬಡ್‌ನಿಂದ, ಬಡ್‌ನಲ್ಲಿ ಕಪ್ಪು ಬರುವುದು ನಿಲ್ಲುವ ತನಕ ಉಜ್ಜಿ. ಊದುವ ಅಭ್ಯಾಸ ಬಿಡಿ, ಎಂಜಲಿನ ತೇವದಿಂದ ಪಿನ್ ಇನ್ನಷ್ಟು ಹಾಳಾಗುತ್ತದೆ.

ಪರದೆ ಪೂರ್ತಿ ಖಾಲಿ, ಆದರೆ ಕೆಂಪು ದೀಪ ಉರಿಯುತ್ತಿದೆಯೇ? ಎಡಬದಿಯ ಕಾಂಟ್ರಾಸ್ಟ್ ಚಕ್ರವನ್ನು ಈ ಕೊನೆಯಿಂದ ಆ ಕೊನೆಗೆ ಹತ್ತಿಪ್ಪತ್ತು ಸಲ ತಿರುಗಿಸಿ ನೋಡಿ. ದೀಪವೇ ಇಲ್ಲದಿದ್ದರೆ ಒಳಗೆ ಹೋಗಲೇಬೇಕು.

ಸೆಲ್ ಸೋರಿದ್ದರೆ

ಇಲ್ಲಿ ಬಹಳ ಜನ ಎಡವುವುದು ಒಂದೇ ಕಡೆ: ಯಾವ ಸೆಲ್ ಸೋರಿದೆ ಎಂದು ನೋಡದೆ ವಿನೆಗರ್ ಸುರಿಯುತ್ತಾರೆ. ಆಲ್ಕಲೈನ್ ಸೆಲ್‌ನಿಂದ ಬರುವುದು ಪೊಟ್ಯಾಶಿಯಂ ಹೈಡ್ರಾಕ್ಸೈಡ್, ಅದು ಕ್ಷಾರ. ಅದಕ್ಕೆ ವಿನೆಗರ್ ಸರಿ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಗಡಿಯಾರಕ್ಕೆಂದು ಕೊಳ್ಳುವ ಅಗ್ಗದ ಸೆಲ್‌ಗಳು ಸಾಮಾನ್ಯವಾಗಿ ಜಿಂಕ್-ಕಾರ್ಬನ್. ಅದರ ಸೋರಿಕೆ ಆಮ್ಲೀಯ, ಅದಕ್ಕೆ ಬೇಕಾದದ್ದು ಅರ್ಧ ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ. ಸೆಲ್ ಯಾವುದೆಂದು ಗೊತ್ತಿಲ್ಲದಿದ್ದರೆ ಒಂದು ಹನಿ ವಿನೆಗರ್ ಬಿಟ್ಟು ನೋಡಿ: ಬಿಳಿ ಪುಡಿಯ ಮೇಲೆ ಸಣ್ಣಗೆ ಗುಳ್ಳೆ ಎದ್ದರೆ ಆಲ್ಕಲೈನ್. ಯಾವುದೇ ಇರಲಿ, ಇಯರ್‌ಬಡ್‌ನಲ್ಲಿ ಹಚ್ಚಿ, ಸುರಿಯಬೇಡಿ. ಐದು ನಿಮಿಷ ಬಿಟ್ಟು ಡಿಸ್ಟಿಲ್ಡ್ ವಾಟರ್‌ನಿಂದ ಒರೆಸಿ, ಕೊನೆಗೆ ಆಲ್ಕೋಹಾಲ್ ಹಾಕಿ ಒಣಗಿಸಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ.

ಹಸಿರು ಕಿಲುಬು ಹೋದ ಮೇಲೂ ಸ್ಪ್ರಿಂಗ್ ಕಪ್ಪಾಗಿ ಒರಟಾಗಿದ್ದರೆ ಲೋಹದ ಲೇಪ ಹೋಗಿದೆ ಎಂದು ತಿಳಿಯಿರಿ. ಸಣ್ಣ ಮರಳು ಕಾಗದದಲ್ಲಿ ಉಜ್ಜಿದರೆ ಸದ್ಯಕ್ಕೆ ನಡೆಯುತ್ತದೆ, ಬಾಳಿಕೆ ಬರುವುದಿಲ್ಲ. ಬದಲಿ ಕಾಂಟ್ಯಾಕ್ಟ್ ಹಾಕುವುದೇ ಮೇಲು.

ಒಳಗೆ

ಹಿಂಬದಿಯ ಆರು ಸ್ಕ್ರೂಗಳಲ್ಲಿ ಎರಡು ಸೆಲ್ ಗೂಡಿನೊಳಗಿವೆ. ಬಿಚ್ಚಿದ ತಕ್ಷಣ ಎರಡು ಭಾಗಗಳನ್ನು ಎಳೆಯಬೇಡಿ. ನಡುವೆ 21 ಎಳೆಯ ರಿಬ್ಬನ್ ಇದೆ. ಅದನ್ನು ಸಾಕೆಟ್‌ನಿಂದ ನೇರವಾಗಿ ಹೊರಗೆಳೆಯಿರಿ, ಓರೆಯಾಗಿ ಎಳೆದರೆ ತುದಿ ಮುರಿಯುತ್ತದೆ.

ದೀಪ ಹತ್ತಿ ಆರಿ ಮಾಡುತ್ತಿದ್ದರೆ, ಆಟದ ನಡುವೆ ರೀಸೆಟ್ ಆಗುತ್ತಿದ್ದರೆ ಪವರ್ ಸ್ವಿಚ್ಚಿಗೆ ಎರಡು ಹನಿ ಆಲ್ಕೋಹಾಲ್ ಬಿಟ್ಟು ಮೂವತ್ತು ಸಲ ಆಚೀಚೆ ಸರಿಸಿ. ಸ್ಪೀಕರಿನಲ್ಲಿ ಸದ್ದಿಲ್ಲ, ಹೆಡ್‌ಫೋನಿನಲ್ಲಿ ಮಾತ್ರ ಕೇಳುತ್ತದೆ ಎಂದರೆ ಜ್ಯಾಕ್ ಒಳಗಿನ ತಗಡು ಕೊಳೆಯಾಗಿದೆ. ಅಲ್ಲಿಗೂ ಅದೇ ಮದ್ದು, ಪ್ಲಗ್ ಹಾಕಿ ತೆಗೆದು ಮಾಡಿ. ಇಷ್ಟಾದರೂ ಜೀವ ಬರದಿದ್ದರೆ ಸಣ್ಣ ಪವರ್ ಬೋರ್ಡನ್ನು ಅಳೆಯಿರಿ. ಅದು 5 ವೋಲ್ಟ್ ಜೊತೆಗೆ ಪರದೆಗೆಂದು ಸುಮಾರು ಮೈನಸ್ 19 ವೋಲ್ಟ್ ಕೊಡಬೇಕು. ಒಂದು ಇದ್ದು ಇನ್ನೊಂದು ಕುಸಿದಿದ್ದರೆ ಕೆಪಾಸಿಟರ್ ಮೇಲೆ ಅನುಮಾನಪಡಿ. ಅಡಾಪ್ಟರ್ ಹಾಕಿ ಪರೀಕ್ಷಿಸುವವರು ಗಮನಿಸಿ: 6 ವೋಲ್ಟ್, ನಡುವಿನ ಪಿನ್ ಮೈನಸ್. ಇಂದಿನ ಸಾಮಾನ್ಯ ಅಡಾಪ್ಟರ್‌ಗಳಲ್ಲಿ ಇದು ಉಲ್ಟಾ.

ಪರದೆಯ ಗೆರೆಗಳು

ಉದ್ದುದ್ದ ಗೆರೆಗಳು ಮಾಯವಾಗಿರುವುದು ಈ ಮಾದರಿಯ ಹಳೇ ರೋಗ. ಗಾಜಿನ ಕೆಳ ಅಂಚಿಗೂ ಬೋರ್ಡಿಗೂ ನಡುವೆ ಇರುವ ಕಂದು ರಿಬ್ಬನ್ನನ್ನು ಬೆಸುಗೆಯಿಂದಲ್ಲ, ಕರೆಂಟ್ ಹರಿಯುವ ಅಂಟಿನಿಂದ ಶಾಖ ಕೊಟ್ಟು ಅಂಟಿಸಿದ್ದಾರೆ. ವರ್ಷಗಳಾದಂತೆ ಅಂಟು ಬಿಡುತ್ತದೆ. ಮುಂಭಾಗದ ಬೋರ್ಡ್ ಬಿಚ್ಚಿ, ಸೆಟ್ ಆನ್ ಇಟ್ಟು, ರಿಬ್ಬನ್ ಬೋರ್ಡಿಗೆ ಸೇರುವ ಜಾಗವನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಒತ್ತಿ. ಗೆರೆ ತಿರುಗಿ ಬಂದರೆ ಕಾಯಿಲೆ ಅಲ್ಲೇ.

ಈಗ ಅದರ ಮೇಲೆ ಕ್ಯಾಪ್ಟಾನ್ ಟೇಪ್ ಹಾಕಿ. ಐರನ್ನನ್ನು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಶುರು ಮಾಡಿ, ತುದಿಯನ್ನು ಟೇಪಿನ ಮೇಲೆ ಅಡ್ಡಡ್ಡಲಾಗಿ ನಿಧಾನ ಸವರಿ, ಎಲ್ಲೂ ನಿಲ್ಲಿಸಬೇಡಿ. ಗೆರೆಗಳು ಒಂದೊಂದಾಗಿ ಮೂಡುವುದು ಕಣ್ಣೆದುರೇ ಕಾಣುತ್ತದೆ. ಐರನ್ ತೆಗೆದ ಕೂಡಲೇ ಅದೇ ರಬ್ಬರಿನಿಂದ ತಣಿಯುವ ತನಕ ಒತ್ತಿ ಹಿಡಿಯಿರಿ, ಅಂಟು ಕೂರುವುದು ಆಗಲೇ. ಬಾರದಿದ್ದರೆ ಶಾಖವನ್ನು ಹತ್ತತ್ತು ಡಿಗ್ರಿ ಏರಿಸಿ. ಗಾಜಿಗೆ ಐರನ್ ತಾಗಿದರೆ ಪರದೆ ಕಥೆ ಮುಗಿಯಿತು. ಅಡ್ಡ ಗೆರೆಗಳು ಹೋಗಿದ್ದರೆ ಅದು ಪಕ್ಕದ ರಿಬ್ಬನ್. ಗೆಲ್ಲುವ ಸಾಧ್ಯತೆ ಕಡಿಮೆ, ಅಂಥದ್ದಕ್ಕೆ ಬದಲಿ ಪರದೆಯೇ ಗತಿ.

ನಡುವೆ ಕಪ್ಪಗೆ ಸುಟ್ಟಂಥ ಕಲೆ ಇದ್ದರೆ ಕೆಟ್ಟಿರುವುದು ಗಾಜಲ್ಲ, ಮೇಲಿನ ಪೋಲರೈಸರ್ ಹಾಳೆ, ಅಂದರೆ ಬೆಳಕನ್ನು ಸೋಸಿ ಚಿತ್ರ ಕಾಣಿಸುವ ತೆಳು ಹಾಳೆ. ಹಳೆಯದನ್ನು ಮೂಲೆಯಿಂದ ಸುಲಿದು, ಅಂಟನ್ನು ಆಲ್ಕೋಹಾಲಿನಿಂದ ತೆಗೆಯಿರಿ. ಹೊಸ ಹಾಳೆಯನ್ನು ಅಂಟಿಸುವ ಮೊದಲು ಸುಮ್ಮನೆ ಮೇಲಿಟ್ಟು, ಸೆಟ್ ಆನ್ ಮಾಡಿ, ತಿರುಗಿಸುತ್ತಾ ನೋಡಿ. ಕೋನ ತಪ್ಪಿದರೆ ಚಿತ್ರ ನೆಗೆಟಿವ್‌ನಂತೆ ಉಲ್ಟಾ ಕಾಣುತ್ತದೆ.

ಕವಚ, ಗುಂಡಿ, ಉಳಿದದ್ದು

ಗುಂಡಿ ಮತ್ತು ರಬ್ಬರ್ ಪದರವನ್ನು ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಕಪ್ಪು ಕಾರ್ಬನ್ ಚುಕ್ಕೆಗಳನ್ನು ಗಟ್ಟಿಯಾಗಿ ಉಜ್ಜಬೇಡಿ. ಹಳದಿಯಾದ ಕವಚಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬಿಸಿಲು. ಹಿಂದಿನ ಲೇಬಲ್ ಉಳಿಯಬೇಕೆಂದರೆ ಆ ಭಾಗವನ್ನು ಬಿಟ್ಟುಬಿಡಿ. ಪೆರಾಕ್ಸೈಡ್ ಕ್ರೀಮ್ ಹಚ್ಚುವುದಕ್ಕಿಂತ ಪಾರದರ್ಶಕ ಡಬ್ಬಿಯಲ್ಲಿ ಪೂರ್ತಿ ಮುಳುಗಿಸುವುದು ವಾಸಿ, ಇಲ್ಲದಿದ್ದರೆ ಪಟ್ಟೆ ಪಟ್ಟೆ ಬಿಳುಪು ಉಳಿಯುತ್ತದೆ. ಹಳದಿ ಮತ್ತೆ ಬರಬಹುದು, ಅದಕ್ಕೆ ತಯಾರಿರಿ.

ಜೋಡಿಸುವಾಗ ಸ್ಕ್ರೂವನ್ನು ಮೊದಲು ಉಲ್ಟಾ ತಿರುಗಿಸಿ, ‘ಟಕ್’ ಎಂದು ಹಳೆಯ ಜಾಡಿಗೆ ಕೂತ ಮೇಲೆ ಬಿಗಿ ಮಾಡಿ. ಹೊಸ ದಾರಿ ಕೊರೆದರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಕಾರ್ಟ್ರಿಡ್ಜ್‌ನಲ್ಲಿ ಆಟ ಸೇವ್ ಆಗುತ್ತಿಲ್ಲವೆಂದರೆ ಒಳಗಿನ ನಾಣ್ಯದ ಸೆಲ್ ಮುಗಿದಿದೆ. ಕಾರ್ಟ್ರಿಡ್ಜ್ ಬಿಚ್ಚಲು 3.8 ಮಿ.ಮೀ. ಗೇಮ್‌ಬಿಟ್ (ಇಂಥ ಸ್ಕ್ರೂಗೆಂದೇ ಇರುವ ಸ್ಕ್ರೂಡ್ರೈವರ್ ತುದಿ) ಬೇಕು. ಬೋರ್ಡಿನ ಮೇಲೆ ಬರೆದ ಅಳತೆ ನೋಡಿ ಸಿಆರ್1616 ಅಥವಾ ಸಿಆರ್2025 ಅನ್ನು, ಮೊದಲೇ ತಗಡಿನ ಕಾಲು ಬೆಸೆದಿರುವ ಮಾದರಿಯದನ್ನೇ ಕೊಳ್ಳಿ. ಬರಿಯ ಸೆಲ್‌ಗೆ ನೇರ ಬೆಸುಗೆ ಹಾಕಿದರೆ ಅದು ಸಿಡಿಯಬಹುದು. ಹಳೆಯ ಸೆಲ್ ತೆಗೆದ ಕ್ಷಣಕ್ಕೆ ಹಳೆಯ ಸೇವ್ ಅಳಿಸಿಹೋಗುತ್ತದೆ. ಸೆಲ್ ಇನ್ನೂ ಪೂರ್ತಿ ಸತ್ತಿಲ್ಲದಿದ್ದರೆ, ಕಾರ್ಟ್ರಿಡ್ಜ್ ಓದುವ ಸಾಧನದಿಂದ ಅದನ್ನು ಕಂಪ್ಯೂಟರಿಗೆ ನಕಲು ಮಾಡಿಕೊಂಡೇ ಕೈ ಹಾಕಿ.